ಒಂದು ಗೇಣಿನ ತಕರಾರು

ಈ ಊರಿನಲ್ಲಿ ಪಟ್ಟಿ ನೋಡಿಕೊಳ್ಳುವ ಕೆಲಸ ಯಾರಿಗಾದರೂ ಬೇಕಿದ್ದರೆ ಇವತ್ತೇ ಬಂದು ತೆಗೆದುಕೊಂಡು ಹೋಗಲಿ. ಇಪ್ಪತ್ತಾರು ವರ್ಷ ಮಾಡಿದ್ದೇನೆ, ಸಾಕಾಗಿ ಹೋಗಿದೆ. ಇಲ್ಲಿನವರಿಗೆ ನೀರು ಬಂದರೆ ಅದು ತೂಬಿನವನ ಪುಣ್ಯ, ದೀಪ ಹತ್ತಿದರೆ ದೀಪದವನ ಪುಣ್ಯ. ಏನಾದರೂ ಕೆಟ್ಟರೆ ಮಾತ್ರ, ಎಲ್ಲಿ ಸತ್ತ ಆ ಪಟ್ಟಿ ಚನ್ನವೀರಪ್ಪ ಎಂದು ನನ್ನ ಹೆಸರು ನೆನಪಾಗುತ್ತದೆ. ಈಗ ಅದಕ್ಕೂ ಕಲ್ಲು ಬಿದ್ದಿದೆ, ಯಾಕೆಂದರೆ ಆ ಹೆಸರು ಪಟ್ಟಿಯಲ್ಲೇ ಇಲ್ಲ. ಹೇಗೆ ಹೋಯಿತು ಎನ್ನುವುದನ್ನು ಹೇಳುತ್ತೇನೆ. ನಡುವೆ ಸಿಟ್ಟು ಬಂದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮೂರನ್ನು ನಡೆಸುವುದು ಯಂತ್ರದ ಮನೆಯಲ್ಲಿರುವ ಕರ್ನಲ್, ಅಂದರೆ ಯಂತ್ರದ ತಿರುಳು. ಹೊತ್ತಿಗೆ ಸರಿಯಾಗಿ ನೀರು ಬಿಡಿಸುವುದು, ದೀಪ ಹತ್ತಿಸುವುದು, ಸಂತೆಯ ಬಾಗಿಲು ತೆಗೆಸುವುದು, ಹೀಗೆ ಅದರೊಳಗೆ ಎಷ್ಟು ಫಂಕ್ಷನ್, ಅಂದರೆ ಎಷ್ಟು ಕೆಲಸ, ಇವೆಯೋ ಊರಿನಲ್ಲಿ ಅಷ್ಟು ಮನೆ. ಒಂದೊಂದು ಫಂಕ್ಷನ್ನನ್ನು ಒಂದೊಂದು ಮನೆತನ ನೋಡಿಕೊಳ್ಳುತ್ತದೆ. ಇರುವುದು ಒಂದೇ ಬೀದಿ. ಅಗಸೆ ಬಾಗಿಲಿನಿಂದ ಎಷ್ಟು ಗೇಣು ದೂರವೋ ಅದೇ ಮನೆಯ ನಂಬರು. ವರ್ಷಕ್ಕೊಮ್ಮೆ, ಚಳಿ ಬೀಳುವ ಮುಂಚೆ, ಕರ್ನಲ್ಲನ್ನು ಹೊಸದಾಗಿ ಕಟ್ಟುತ್ತಾರೆ, ಅದಕ್ಕೆ ಬಿಲ್ಡ್ ಎನ್ನುತ್ತೇವೆ. ಬಿಲ್ಡ್ ಮೇಸ್ತ್ರಿ ಅಡಿವೆಪ್ಪ ಯಂತ್ರದ ಮನೆಯ ಹಿಡಿಕೆ ಎಳೆದನೆಂದರೆ ಮನೆಗಳೆಲ್ಲ ಗೋಡೆ, ಚಾವಣಿ, ಒಲೆ, ತೊಟ್ಟಿಲು ಸಮೇತ ಬೀದಿಯುದ್ದಕ್ಕೂ ಜರುಗಿ ಹೊಸ ಜಾಗದಲ್ಲಿ ಸಂದಿಲ್ಲದಂತೆ ಕೂರುತ್ತವೆ.

ಇದಕ್ಕೆ ಊರು ಒಗ್ಗಿಕೊಂಡಿದೆ. ಬಿಲ್ಡ್ ವಾರದಲ್ಲಿ ಯಾರೂ ಹಾಲಿಗೆ ಹೆಪ್ಪು ಹಾಕುವುದಿಲ್ಲ, ಕ್ಷೌರ ಮಾಡಿಸಿಕೊಳ್ಳುವುದಿಲ್ಲ. ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಕಟ್ಟಿ ಮೂಲೆಗಿಡುತ್ತಾರೆ. ಹೆಣ್ಣು ನೋಡಲು ಬರುವವರಿಗೆ ವಾರ ಬಿಟ್ಟು ಬನ್ನಿ ಎಂದು ಹೇಳಿ ಕಳಿಸುತ್ತಾರೆ, ಇಲ್ಲದಿದ್ದರೆ ಕಾಫಿ ಕುಡಿಯುವಷ್ಟರಲ್ಲಿ ಅವರು ಬೇರೊಬ್ಬರ ಮನೆಯೆದುರು ಬಿಟ್ಟ ಚಪ್ಪಲಿ ಹುಡುಕಬೇಕಾಗುತ್ತದೆ. ಒಗ್ಗಿಕೊಳ್ಳದವು ಬೆಕ್ಕುಗಳು ಮಾತ್ರ. ಅವು ಹಳೆಯ ಜಾಗಕ್ಕೇ ಹೋಗಿ, ಗೊತ್ತಿಲ್ಲದ ಮನೆಯ ಹಾಲು ಕುಡಿದು ಬರುತ್ತವೆ. ಎಲ್ಲಕ್ಕಿಂತ ದೊಡ್ಡ ತಾಪತ್ರಯವೆಂದರೆ, ಬಿಲ್ಡ್ ಮುಗಿದು ಊರು ನಿಲ್ಲುವವರೆಗೂ ತೂಬು ಮುಚ್ಚಿರುತ್ತದೆ. ನೀರಿಲ್ಲ.

ನನ್ನ ಕೆಲಸ ಪಟ್ಟಿ. ಸಿಂಬಲ್ ಟೇಬಲ್ ಎಂದು ಅದರ ನಿಜವಾದ ಹೆಸರು, ಆದರೆ ಊರಿನಲ್ಲಿ ಪಟ್ಟಿಯೆಂದರೆ ಸಾಕು. ಯಾವ ಹೆಸರಿನ ಮನೆ ಯಾವ ನಂಬರಿನಲ್ಲಿದೆ ಎಂಬುದನ್ನು ಹೆಸರಿಗೊಂದು ಕಲ್ಲಿನಂತೆ ಬರೆದು ಸಾಲಾಗಿ ನಿಲ್ಲಿಸಬೇಕು. ಕಲ್ಲು ಒಂದು ಗೇಣು ಅಗಲ. ಹೆಸರು ಇದ್ದಲು ಮಸಿಯದು, ನಂಬರು ಸುಣ್ಣದ ಬಳಪದ್ದು. ಈ ಕಲ್ಲುಗಳು ನಿಲ್ಲುವ ಪಟ್ಟಿಮನೆಯೂ ಬೀದಿಯಲ್ಲೇ ಇದೆ. ಅಲ್ಲೇ ಇರುವುದು ನನ್ನ ಕರ್ಮ. ಹೆಸರು ಒಂದು ಹೆಚ್ಚಾದರೆ ಪಟ್ಟಿಮನೆ ಒಂದು ಗೇಣು ಉದ್ದವಾಗುತ್ತದೆ, ಅದರ ಮುಂದಿನ ಮನೆಗಳೆಲ್ಲ ಒಂದು ಗೇಣು ಜರುಗುತ್ತವೆ, ಜರುಗಿದ ಕ್ಷಣಕ್ಕೆ ನಾನು ಬರೆದ ನಂಬರುಗಳೆಲ್ಲ ಸುಳ್ಳಾಗುತ್ತವೆ. ಮನೆ ಎಲ್ಲಿದೆ ಎಂದು ಬರೆದಿಟ್ಟಿದ್ದೇ ಮನೆಯನ್ನು ತಳ್ಳಿಬಿಡುತ್ತದೆ. ಆದ್ದರಿಂದ ಹಿಂದಿನವರು ಮೂರು ಸಲ ಹಿಡಿಕೆ ಎಳೆಯುವ ಪದ್ಧತಿ ಮಾಡಿದ್ದಾರೆ. ಮೊದಲನೆಯದು ಖಾಲಿ ಪಟ್ಟಿಮನೆಯೊಂದಿಗೆ. ಆಮೇಲೆ ಎಲ್ಲಿ ಯಾರು ಕೂತರು ನೋಡಿ ಕಲ್ಲು ತುಂಬಿಸಿ ಎರಡನೆಯದು. ತಳ್ಳಿಸಿಕೊಂಡ ಮೇಲಿನ ನಂಬರು ತಿದ್ದಿ ಮೂರನೆಯದು. ಮೂರನೆಯ ಸಲ ಯಾವ ಮನೆಯೂ ಅಲುಗಾಡಬಾರದು. ಅಲುಗಾಡಲಿಲ್ಲವೆಂದರೆ ಊರು ನಿಂತಿತು, ತೂಬು ತೆಗೆಯಬಹುದು.

ಪಟ್ಟಿ ಯಾಕೆ ಬೇಕು ಎಂದು ಕೇಳುವವರು ಇದ್ದಾರೆ. ಎಲ್ಲ ನೆಟ್ಟಗಿರುವಾಗ ಬೇಡ, ನಿಜ. ಆದರೆ ಊರಿನಲ್ಲಿ ಯಾರಾದರೂ ಬಿದ್ದರೆ, ಎಲ್ಲಾದರೂ ಬೆಂಕಿ ಹತ್ತಿದರೆ, ಯಂತ್ರದ ಮನೆಯಲ್ಲಿ ಒಂದು ನಂಬರು ಮಾತ್ರ ಮೂಡುತ್ತದೆ. ಆ ನಂಬರು ಯಾರದೆಂದು ಪಟ್ಟಿ ನೋಡಿ ಹೇಳಬೇಕು. ಪಟ್ಟಿಯಲ್ಲಿ ಇಲ್ಲದ ನಂಬರಾದರೆ, ಅದರ ಹಿಂದೆ ಇರುವ ಹೆಸರು ಹೇಳಿ, ಅಲ್ಲಿಂದ ಮುಂದೆ ಇಷ್ಟು ಗೇಣು ಎಂದು ಕೂಡಿಸಬೇಕು.

ಈ ವರ್ಷ ಹೊಸದಾಗಿ ಒಂದು ಗಿರಣಿ ಬಂತು. ಅದರ ಮನೆ ಸೇರಿ ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಹೆಸರು. ಸೋಮವಾರ ಮೊದಲನೆಯ ಹಿಡಿಕೆ, ಅವತ್ತೇ ಸಂಜೆ ಎರಡನೆಯದು. ಮಂಗಳವಾರ ಬೆಳಿಗ್ಗೆ ಮೂರನೆಯದಕ್ಕೆ ಜನ ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಂತಿದ್ದರು. ಅಡಿವೆಪ್ಪ ಹಿಡಿಕೆ ಎಳೆದ. ಅರ್ಧ ಊರು ಒಂದು ಗೇಣು ಮುಂದಕ್ಕೆ ಜರುಗಿತು. ಸಾಲಿನಲ್ಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

ನಂಬರು ತಿದ್ದಿದೆ. ನಾಲ್ಕನೆಯ ಸಲ ಎಳೆದ. ಅದೇ ಅರ್ಧ ಊರು ಒಂದು ಗೇಣು ಹಿಂದಕ್ಕೆ ಬಂತು. ಮತ್ತೆ ತಿದ್ದಿದೆ. ಐದನೆಯದಕ್ಕೆ ಮುಂದಕ್ಕೆ.

"ಏನಪಾ ಚನ್ನವೀರಪ್ಪ, ಊರಂದ್ರ ಏನು ತೊಟ್ಟಿಲಂತ ತಿಳದೀ?" ಎಂದ ಅಡಿವೆಪ್ಪ. ಅವನ ಕೈಯಲ್ಲಿ ಬೊಬ್ಬೆ ಎದ್ದಿದ್ದವು. "ಎಣಿಸಾಕ ಬರ್ತೈತಿಲ್ಲ ನಿನಗ?"

"ನಿನ್ನ ಹಿಡಿಕಿ ಸಡಲ ಐತಿ, ಅದನ್ನ ಮೊದಲ ನೋಡ್ಕೊ," ಎಂದೆ ನಾನು.

ಆದರೂ ಹೋಗಿ ಎಣಿಸಿದೆ. ಒಮ್ಮೆ ಇನ್ನೂರ ಹನ್ನೆರಡು ಬಂತು, ಇನ್ನೊಮ್ಮೆ ಇನ್ನೂರ ಹದಿಮೂರು. ನನಗೆ ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದುಕೊಂಡೆ. ಹೆಂಡತಿ ಗೌರಾಳನ್ನು ಕರೆದು ಅವಳ ಕೈಯಿಂದಲೂ ಎಣಿಕೆ ಮಾಡಿಸಿದೆ. ಅವಳಿಗೂ ಒಮ್ಮೆ ಹಾಗೆ, ಒಮ್ಮೆ ಹೀಗೆ. "ಮನ್ಯಾಗ ಕುಡ್ಯಾಕ ಎರಡ ತಂಬಿಗಿ ನೀರದಾವ. ನೀವಿಲ್ಲಿ ಕಲ್ಲ ಎಣಿಸಿಕೋತ ಕೂಡ್ರಿ," ಎಂದು ಹೊರಟುಹೋದಳು. ಬುಧವಾರ ಬೀದಿಯಲ್ಲಿ ನಡೆದರೆ ಎರಡೂ ಕಡೆಯಿಂದ ಬೈಗುಳ. ಸಾರು ಚೆಲ್ಲಿದ್ದಕ್ಕೂ ನಾನೇ ಕಾರಣ, ಯಾರದೋ ಎಮ್ಮೆ ಕರು ಅಡ್ಡಬಿದ್ದಿದ್ದಕ್ಕೂ ನಾನೇ. ಮಾರಿಯೇ ಬಂದು ಕೂತಿದ್ದರೂ ಊರು ಅಷ್ಟು ಬೈಯುತ್ತಿರಲಿಲ್ಲ.

ಗುಟ್ಟು ಗೊತ್ತಾಗಿದ್ದು ನನ್ನ ಮನೆಯ ಕಿಟಕಿಯಿಂದ. ಪಟ್ಟಿಯವನ ಮನೆ ಪಟ್ಟಿಯಿಂದ ದೂರವಿರಬೇಕು, ಇಲ್ಲದಿದ್ದರೆ ತನ್ನ ಮನೆಗೆ ಒಳ್ಳೆಯ ಜಾಗ ಬರೆದುಕೊಳ್ಳುತ್ತಾನೆ ಎಂದು ನಮ್ಮಲ್ಲಿ ಹಳೆಯ ಅನುಮಾನ. ಹಾಗಾಗಿ ನನ್ನ ಮನೆ ತೂಬಿನ ಗೋಡೆಗೆ ಆತುಕೊಂಡು, ಬಯಲಿನ ಕೊನೆಯಲ್ಲಿ ಒಂಟಿಯಾಗಿದೆ. ತೂಬು ಸರಿಯಾಗಿ ನಾಲ್ಕು ಸಾವಿರದ ನಂಬರಿನಲ್ಲೇ ಇರಬೇಕು, ಅದು ಜರುಗುವಂತಿಲ್ಲ. ಆದ್ದರಿಂದ ಅದಕ್ಕೂ ಅದರ ಹಿಂದಿನ ಮನೆಗಳ ಸಾಲಿಗೂ ನಡುವೆ ಒಂದಿಷ್ಟು ಬಯಲು ಉಳಿಯುತ್ತದೆ. ಬುಧವಾರ ಸಂಜೆ ಆರನೆಯ ಹಿಡಿಕೆ ಬಿದ್ದಾಗ ನಾನು ಕಿಟಕಿಯಲ್ಲಿ ನಿಂತು ನನ್ನ ಹಣೆಬರಹಕ್ಕೆ ಶಾಪ ಹಾಕುತ್ತಿದ್ದೆ. ಬಯಲಿನ ಆ ತುದಿಯಲ್ಲಿ ಕಣ್ಣೆದುರೇ ಒಂದು ಗೂಡು ಎದ್ದು ನಿಂತಿತು. ಒಂದೇ ಕೋಣೆ, ಒಂದೇ ಬಾಗಿಲು. ಒಬ್ಬ ಹೆಂಗಸು ತಲೆಯ ಮೇಲೆ ರೊಟ್ಟಿ ಹಂಚು, ಕಂಕುಳಲ್ಲಿ ಖಾಲಿ ಕೊಡ ಇಟ್ಟುಕೊಂಡು ಅದರೊಳಗೆ ಹೋದಳು. ಗುರುವಾರ ಬೆಳಿಗ್ಗೆ ಏಳನೆಯ ಹಿಡಿಕೆ ಬಿತ್ತು. ಗೂಡು ಮಾಯ. ಹೆಂಗಸು ಬಯಲಿನ ನಡುವೆ ಹಂಚು ಹಿಡಿದು ನಿಂತಿದ್ದಳು.

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಅವಳು ಫಕೀರವ್ವ. ಹನ್ನೊಂದು ವರ್ಷದಿಂದ ಊರಿನಲ್ಲಿ ಒಂದು ಮನೆಗಾಗಿ ಕಾದಿರುವವಳು, ಹೊಸದೊಂದು ಎದ್ದರೆ ಅವಳದೇ ಸರದಿ, ಅಲ್ಲಿಯವರೆಗೆ ಅಣ್ಣ ನಿಂಗಪ್ಪನ ಮನೆಯ ಹಿತ್ತಿಲ ಪಡಸಾಲೆಯಲ್ಲಿ ಇರುವವಳು.

"ಯಣ್ಣಾ, ಇದು ಮೂರನೇ ಸಲಾನೋ ನಾಕನೇ ಸಲಾನೋ ನಂಗೂ ನೆನಪಿಲ್ರಿ," ಎಂದಳು. "ಗೂಡು ಏಳತೈತಿ, ನಾ ಸಾಮಾನು ಹೊತ್ಕೊಂಡ ಬರತೇನಿ. ಒಲಿ ಹಚ್ಚೂದ್ರಾಗ ಗೂಡ ಹೋಗತೈತಿ. ಇರತೈತೋ ಇಲ್ಲೋ ಒಂದ ಮಾತ ಹೇಳ್ರೀ. ಹೊತ್ತ ಹೊತ್ತ ಕುತಿಗಿ ನೋಯಾಕತ್ತೈತಿ."

ಆಗ ನನ್ನ ತಲೆಯೊಳಗೆ ಬೆಳಕು ಬಿತ್ತು. ದಿನವೂ ಬೆಳಿಗ್ಗೆ ನೀರು ಬಿಡಿಸುವವನು ಹೊತ್ತು ಹೇಳುವ ಈರಸಂಗಪ್ಪ. ಅವನು ತನ್ನ ಮನೆಯ ಜಗಲಿಯಿಂದ ‘ನೀರೋ’ ಎಂದು ಕೂಗಬೇಕು, ತೂಬಿನವನು ಕೇಳಿಸಿಕೊಂಡು ತೂಬು ಎತ್ತಬೇಕು. ನಮ್ಮೂರಿನಲ್ಲಿ ಕೂಗು ಮುಟ್ಟುವುದು ಸಾವಿರ ಗೇಣು. ಅದಕ್ಕಿಂತ ಒಂದು ಗೇಣು ಹೆಚ್ಚಾದರೂ ಮುಟ್ಟುವುದಿಲ್ಲ, ಗಂಟಲು ಹರಿದುಕೊಂಡರೂ ಅಷ್ಟೇ. ಹಾಗೆ ಮುಟ್ಟದೆ ಹೋದಾಗ ನಡುವೆ ಒಂದು ಗೂಡು ತಾನಾಗಿ ಏಳುತ್ತದೆ. ಅದರಲ್ಲಿರುವವರು ಈ ಕಡೆಯ ಕೂಗು ಕೇಳಿ ಆ ಕಡೆಗೆ ಕೂಗಬೇಕು. ಹೊಸ ಗಿರಣಿ ಬಂದು ಎಲ್ಲರೂ ಹಿಂದುಮುಂದಾದದ್ದರಿಂದ ಈರಸಂಗಪ್ಪನ ಮನೆ ಈ ವರ್ಷ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಬಿದ್ದಿತ್ತು. ತೂಬಿಗೆ ಸಾವಿರದ ಒಂದು ಗೇಣು. ಕೂಗು ಮುಟ್ಟದು, ಗೂಡು ಎದ್ದಿತು. ಗೂಡು ಎದ್ದರೆ ಅದರಲ್ಲಿರುವವರ ಹೆಸರಿನ ಕಲ್ಲು ಪಟ್ಟಿಗೆ ತಾನಾಗಿ ಸೇರುತ್ತದೆ; ಎಣಿಸುವ, ನಂಬರು ತಿದ್ದುವ ಗಡಿಬಿಡಿಯಲ್ಲಿ ಆ ಹೆಸರನ್ನು ನಾನು ಓದಿರಲಿಲ್ಲ. ಇನ್ನೂರ ಹದಿಮೂರು. ಪಟ್ಟಿಮನೆ ಒಂದು ಗೇಣು ಉದ್ದವಾಯಿತು. ಅದರ ಮುಂದಿರುವ ಈರಸಂಗಪ್ಪನ ಮನೆ ತೂಬಿಗೆ ಒಂದು ಗೇಣು ಹತ್ತಿರ ಬಂತು. ಈಗ ಸರಿಯಾಗಿ ಸಾವಿರ. ಕೂಗು ಮುಟ್ಟುತ್ತದೆ. ಗೂಡು ಯಾಕೆ ಬೇಕು? ಹೋಯಿತು. ಅದರ ಹಿಂದೆಯೇ ಕಲ್ಲೂ ಹೋಯಿತು. ಪಟ್ಟಿ ಗಿಡ್ಡವಾಯಿತು, ಈರಸಂಗಪ್ಪ ಮತ್ತೆ ಹಿಂದಕ್ಕೆ.

ಅವಳ ಹೆಸರು ಬರೆದರೆ ಅವಳ ಮನೆ ಇಲ್ಲವಾಗುತ್ತದೆ, ಮನೆ ಇಲ್ಲವಾದರೆ ಹೆಸರು ಅಳಿಯುತ್ತದೆ, ಹೆಸರು ಅಳಿದರೆ ಮನೆ ಮತ್ತೆ ಬೇಕಾಗುತ್ತದೆ. ಹೀಗೆ ಎಳೆಯುತ್ತ ಕೂತರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಊರು ನಿಲ್ಲುವುದಿಲ್ಲ. ಈ ಊರು ಕಟ್ಟಿದವರನ್ನು ಹಿಡಿದು ಕೇಳಬೇಕು ಅನ್ನಿಸಿತು. ಆದರೆ ಅವರ ಹೆಸರೂ ಪಟ್ಟಿಯಲ್ಲಿಲ್ಲ.

ಅಡಿವೆಪ್ಪನಿಗೆ ಹೇಳಿದೆ. ಅವನು ನಕ್ಕುಬಿಟ್ಟ. "ಇಷ್ಟಕ್ಕ ನಾಕ ದಿನಾ ನನ್ನ ರಟ್ಟಿ ಕಿತ್ತಿಸಿದಿ? ಪಟ್ಯಾಗ ಏನೂ ಬರಿಲಾರದ ಒಂದ ಕಲ್ಲ ನಿಲ್ಲಿಸು. ಇನ್ನೂರ ಹದಿಮೂರಾತು. ಈರಸಂಗಪ್ಪನ ಕೂಗ ಮುಟ್ಟಿತು. ನೀರ ಬಂತು. ಮುಗೀತು."

"ಮತ್ತ ಫಕೀರವ್ವನ ಗೂಡು?"

"ಏಳೂದಿಲ್ಲ. ಹನ್ನೊಂದ ವರ್ಷ ತಡಕೊಂಡಾಕಿ ಇನ್ನೊಂದ ವರ್ಷ ತಡಕೋತಾಳ."

ಸತ್ಯ ಹೇಳುತ್ತೇನೆ, ನನಗೂ ಅದೇ ಸರಿ ಅನ್ನಿಸಿತು. ನಾಲ್ಕು ದಿನ ನೀರಿಲ್ಲದೆ ಬೈಗುಳ ತಿಂದವನಿಗೆ ಯಾವುದಾದರೂ ಸರಿಯೇ. ಬರೆಯದ ಕಲ್ಲನ್ನು ಹೊತ್ತು ಪಟ್ಟಿಮನೆಯ ಬಾಗಿಲಿಗೆ ಬಂದೂ ಬಿಟ್ಟಿದ್ದೆ. ಅಲ್ಲಿ ಫಕೀರವ್ವ ಹೊಸ್ತಿಲ ಮೇಲೆ ಕೂತಿದ್ದಳು. ನನ್ನ ಕೈಯಲ್ಲಿರುವ ಕಲ್ಲನ್ನು ನೋಡಿದಳು. ಅದರ ಮೇಲೆ ಏನೂ ಇಲ್ಲದ್ದನ್ನೂ ನೋಡಿದಳು.

"ಅದಕ್ಕ ಹೆಸರಿಲ್ಲೇನ್ರಿ ಯಣ್ಣಾ?" ಎಂದಳು.

ನಾನು ಕಲ್ಲು ಕೆಳಗಿಟ್ಟೆ. ಅಡಿವೆಪ್ಪನೂ ಹಿಂದೆಯೇ ಬಂದಿದ್ದ. ಅವನೇನು ಕೆಟ್ಟವನಲ್ಲ, ಬೊಬ್ಬೆ ಎದ್ದ ಕೈಯವನು, ಅಷ್ಟೇ. ಅವಳನ್ನು ನೋಡಿ ಅವನಿಗೂ ಮುಜುಗರವಾಗಿರಬೇಕು. "ಹಂಗಾದ್ರ ಹಿಂಗ ಮಾಡೂಣು," ಎಂದ. "ಗೂಡು ಇರಲಿ. ಕೂಗೂ ಕೆಲಸಾನೂ ಆಕೀನ ಮಾಡಲಿ. ಆದ್ರ ಪಟ್ಯಾಗ ಹೆಸರು ಬ್ಯಾಡ, ಕಲ್ಲು ಬಂದ ಕೂಡಲೇ ತಗದ ಹೊರಗಿಡು. ಪಟ್ಟಿ ಬೆಳಿಯೂದಿಲ್ಲ, ಊರ ಅಲಗಾಡೂದಿಲ್ಲ. ಆಕಿಗೂ ಮನಿ ಸಿಕ್ಕಂಗಾತು."

"ಅದು ಈಗ ನಾ ಇರೂ ಹಂಗ ಆತಲ್ರಿ ಮೇಸ್ತ್ರಿಗಳ," ಎಂದಳು ಫಕೀರವ್ವ. ದನಿ ಏರಿಸಲಿಲ್ಲ. "ಪಡಸಾಲಿನೂ ಒಂದ ಮನೀನ. ಅದಕ್ಕೂ ಹೆಸರಿದ್ದಿದ್ದಿಲ್ಲ. ನಮ್ಮವ್ವ ಬಿದ್ದಾಗ ಏನಾತು ಅಂತ ಪಟ್ಟಿ ಅಣ್ಣಾರಿಗೆ ಗೊತ್ತೈತಿ."

ಗೊತ್ತಿತ್ತು. ಗೊತ್ತಿಲ್ಲದೆ ಏನು? ಆರು ವರ್ಷದ ಹಿಂದೆ ಯಂತ್ರದ ಮನೆಯಲ್ಲಿ ಒಂದು ನಂಬರು ಮೂಡಿತ್ತು. ಪಟ್ಟಿಯಲ್ಲಿ ಆ ನಂಬರಿರಲಿಲ್ಲ. ನಾನು ಪದ್ಧತಿಯಂತೆ ನೋಡಿ ಹೇಳಿದ್ದೆ: ನಿಂಗಪ್ಪ, ಅಲ್ಲಿಂದ ಮುಂದೆ ಹದಿನಾರು ಗೇಣು. ವೈದ್ಯರು, ಜೊತೆಗೆ ನಾಲ್ಕು ಜನ ಓಡಿದರು. ನಿಂಗಪ್ಪ ಬಾಗಿಲು ತೆರೆದು, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದ. ಅವನಿಗೂ ಗೊತ್ತಿರಲಿಲ್ಲ. ಇವರು ಹೆಸರು ಕೇಳಿಸಿಕೊಂಡಿದ್ದರು, ಹದಿನಾರು ಗೇಣು ಕೇಳಿಸಿಕೊಂಡಿರಲಿಲ್ಲ. ತಿರುಗಿ ಹೋದರು. ಹಿತ್ತಿಲ ಪಡಸಾಲೆಯಲ್ಲಿ ಮುದುಕಿ ಸಂಜೆಯವರೆಗೆ ಬಿದ್ದೇ ಇದ್ದಳು. ಫಕೀರವ್ವ ಹೊಲದ ಕೂಲಿ ಮುಗಿಸಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಓದಿದ್ದು ಸರಿಯಾಗಿಯೇ ಇತ್ತು. ಅದನ್ನೇ ಎಲ್ಲರಿಗೂ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ. ಇಷ್ಟು ವರ್ಷ ಹೇಳಿಕೊಂಡರೂ ಅದು ಗಂಟಲಿನಿಂದ ಕೆಳಗೆ ಇಳಿದಿಲ್ಲ.

"ಮನಿ ಕೊಡ್ರಿ, ಕೊಡಬ್ಯಾಡ್ರಿ," ಎಂದಳು ಅವಳು. "ಕೊಡೂದಾದ್ರ ಹೆಸರ ಕೂಡ ಕೊಡ್ರಿ. ನಾ ಬಿದ್ರ ನನ್ನ ಬಾಗಲಕ್ಕ ಬರಬೇಕು."

ಲೆಕ್ಕ ಸುಲಭವಾಗಿತ್ತು, ಅದೇ ಕಷ್ಟವಾಗಿತ್ತು. ಪಟ್ಟಿಯಲ್ಲಿ ಇನ್ನೂರ ಹನ್ನೆರಡೇ ಕಲ್ಲು ಇರಬೇಕು, ಅದರಲ್ಲಿ ಅವಳದೂ ಒಂದಾಗಿರಬೇಕು. ಅಂದರೆ ಬೇರೆ ಒಂದು ಹೆಸರು ಹೋಗಬೇಕು. ಹೆಸರು ತೆಗೆಯುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇದೆ: ಆ ಮನೆಯವರೇ ಬಂದು ತಮ್ಮ ಕಲ್ಲನ್ನು ತಮ್ಮ ಕೈಯಿಂದ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬೇರೆಯವರು ಒರೆಸುವಂತಿಲ್ಲ.

ಗುರುವಾರ ಇಡೀ ದಿನ ಮನೆ ಮನೆ ಅಲೆದೆ. ಮೊದಲು ಹೋಗಿದ್ದು ಡೋಲಿನ ಬಾಳಪ್ಪನ ಹತ್ತಿರ. ಊರಿಗೆ ಮಿಡತೆ ಬಂದರೆ ಡೋಲು ಬಾರಿಸುವುದು ಆ ಮನೆತನದ ಫಂಕ್ಷನ್. ಮಿಡತೆ ಬಂದು ಅರವತ್ತು ವರ್ಷವಾಗಿದೆ. ಡೋಲಿನ ಚರ್ಮವನ್ನು ಇಲಿ ತಿಂದು ಮೂವತ್ತು ವರ್ಷವಾಗಿದೆ.

"ನಾಳೆ ಬಂದ್ರ?" ಎಂದ ಬಾಳಪ್ಪ.

"ನಾಳೆ ಬರಂಗಿಲ್ಲ ಮಾರಾಯಾ."

"ನೀ ಏನ ಮಿಡತಿ ಕೂಡ ಮಾತಾಡಿ ಬಂದೀಯೇನು?"

ಗಿರಣಿಯವನು ಮೊನ್ನೆ ತಾನೇ ಬರೆಸಿದ ಹೆಸರು, ಮಸಿಯೂ ಆರಿಲ್ಲ ಎಂದ. ಇಬ್ಬರು ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದು ಎರಡು ಕಲ್ಲು ಬರೆಸಿದ್ದರು. ಒಂದನ್ನು ಬಿಡಿ ಎಂದದ್ದಕ್ಕೆ, ಯಾರದನ್ನು ಎಂದು ಅವರಲ್ಲೇ ಜಗಳ ಹತ್ತಿ, ಕೊನೆಗೆ ಇಬ್ಬರೂ ಸೇರಿ ನನ್ನನ್ನು ಹೊರಹಾಕಿದರು. ಬೇಕಾದ ಹೆಸರು, ಬೇಡವಾದ ಹೆಸರು, ಸತ್ತವರ ಹೆಸರು ಎಲ್ಲವೂ ಪಟ್ಟಿಯಲ್ಲಿವೆ. ಯಾರೂ ಒಂದು ಗೇಣು ಬಿಡುವವರಲ್ಲ. ನೀರು ಮಾತ್ರ ಎಲ್ಲರಿಗೂ ಬೇಕು. ಇಂಥ ಊರಿಗೆ ಪಟ್ಟಿ ಬರೆಯುವುದಕ್ಕಿಂತ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚುವುದು ವಾಸಿ ಎಂದುಕೊಳ್ಳುತ್ತ ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಟ್ಟಿಮನೆಗೆ ವಾಪಸು ಬಂದು ಕಲ್ಲುಗಳ ಮುಂದೆ ಕೂತೆ. ಸಾಲಿನ ಕೊನೆಗೆ ಕಣ್ಣು ಹೋಯಿತು. ಇನ್ನೂರ ಹನ್ನೆರಡನೆಯ ಕಲ್ಲು. ಪಟ್ಟಿ ಚನ್ನವೀರಪ್ಪ, ಮೂರು ಸಾವಿರದ ಒಂಬೈನೂರ ಅರವತ್ತು.

ಇಪ್ಪತ್ತಾರು ವರ್ಷದಲ್ಲಿ ಆ ಕಲ್ಲನ್ನು ಯಾರೂ ಹುಡುಕಿರಲಿಲ್ಲ. ನನ್ನನ್ನು ಯಾರೂ ನಂಬರು ನೋಡಿ ಕರೆದಿರಲಿಲ್ಲ. ನಾನೇ ನಂಬರು ನೋಡುವವನಲ್ಲವೇ? ಹಾಗಂತ ಒರೆಸುವುದು ಸುಲಭವೆಂದು ತಿಳಿಯಬೇಡಿ. ನಮ್ಮಪ್ಪ ಬರೆದ ಅಕ್ಷರದ ಮೇಲೆಯೇ ನಾನು ಮಸಿ ತೀಡಿಕೊಂಡು ಬಂದಿದ್ದೆ. ಹೆಗಲ ಮೇಲಿನ ಟವೆಲ್ ತೆಗೆದೆ. ಒದ್ದೆ ಮಾಡಲು ಊರಿನಲ್ಲಿ ಒಂದು ಹನಿ ನೀರಿಲ್ಲ ಎಂಬುದು ಆಗ ನೆನಪಾಯಿತು. ನೀರು ಬರಬೇಕಾದರೆ ಹೆಸರು ಒರೆಸಬೇಕು, ಹೆಸರು ಒರೆಸಬೇಕಾದರೆ ನೀರು ಬೇಕು. ತಲೆ ಚಚ್ಚಿಕೊಂಡೆ.

ಮನೆಗೆ ಹೋಗಿ ಗೌರಾಳಿಗೆ ಹೇಳಿದೆ. ಅವಳು ಒಣಗಿದ ಹಿಟ್ಟಿನ ಪರಾತ ಮುಂದಿಟ್ಟುಕೊಂಡು ಕೂತಿದ್ದಳು.

"ಆ ಕಲ್ಲಿನ ಕೆಳಗ ನಾನೂ ಇದ್ದೇನಿ," ಎಂದಳು. "ನನ್ನ ಕೇಳಿದ್ರೇನು?"

"ಈಗ ಕೇಳಾಕ ಬಂದೇನಲ್ಲ."

"ಕೇಳಾಕಲ್ಲ, ನೀರಿಗೆ ಬಂದೀರಿ. ನಾಳೆ ನಾ ಬಿದ್ರ ಯಾರ ಮನಿಗೆ ಹೋಗತಾರ?"

"ಫಕೀರವ್ವನ ಮನಿಗೆ. ಅಲ್ಲಿಂದ ಮುಂದ ಇನ್ನೂರ ನಲವತ್ತ ಗೇಣು."

ಅವಳು ಪರಾತ ಪಕ್ಕಕ್ಕೆ ಸರಿಸಿ ನನ್ನನ್ನು ನೋಡಿದಳು. ನಲವತ್ತು ವರ್ಷ ನನ್ನ ಜೊತೆ ಬಾಳಿದ ಬೇಸರವೆಲ್ಲ ಆ ನೋಟದಲ್ಲಿತ್ತು. "ಆ ಮುದುಕಿ ಸತ್ತಾಗಿಂದ ನೀವು ಊಟದಾಗ ಮಾತ ಬಿಟ್ಟೀರಿ," ಎಂದಳು. "ನನಗ ಗೊತ್ತಿಲ್ಲಂತ ತಿಳದೀರೇನು?" ಎದ್ದು ಒಳಗೆ ಹೋಗಿ ತಂಬಿಗೆ ತಂದಳು. ಅದು ಮನೆಯಲ್ಲಿದ್ದ ಕೊನೆಯ ತಂಬಿಗೆ. ನನ್ನ ಕೈಗೆ ಕೊಡಲಿಲ್ಲ. ತಾನೇ ಹಿಡಿದುಕೊಂಡು ಪಟ್ಟಿಮನೆಯವರೆಗೆ ಬಂದಳು, ದಾರಿಯುದ್ದಕ್ಕೂ ಬೈಯುತ್ತ ಬಂದಳು. ನಾನು ಟವೆಲ್ ಒಡ್ಡಿದೆ, ಅವಳು ಸುರಿದಳು. ಅರ್ಧ ಹೆಸರು ನಾನು ಒರೆಸಿದೆ, ಉಳಿದರ್ಧ ಅವಳು ಕಿತ್ತುಕೊಂಡು ಒರೆಸಿದಳು. ಫಕೀರವ್ವನ ಕಲ್ಲು ಬರುವವರೆಗೆ ಜಾಗ ಹಿಡಿದಿರಲಿ ಎಂದು ಬರಿದಾದ ಕಲ್ಲನ್ನು ಅಲ್ಲೇ ಬಿಟ್ಟೆವು.

ಶುಕ್ರವಾರ ಬೆಳಿಗ್ಗೆ ಅಡಿವೆಪ್ಪ ಎಂಟನೆಯ ಹಿಡಿಕೆ ಎಳೆದ. ಈರಸಂಗಪ್ಪ ಹಿಂದಕ್ಕೆ ಹೋದ, ಬಯಲಿನಲ್ಲಿ ಗೂಡು ಎದ್ದಿತು, ಫಕೀರವ್ವ ಹಂಚು ಹೊತ್ತು ಒಳಗೆ ಹೋದಳು. ಪಟ್ಟಿಯಲ್ಲಿ ಅವಳ ಕಲ್ಲು ನಿಂತಿತು, ಒರೆಸಿದ ನಮ್ಮ ಕಲ್ಲನ್ನು ನಾನೂ ಗೌರಾಳೂ ಹಿಡಿದು ಹೊರಗಿಟ್ಟೆವು. ಇನ್ನೂರ ಹನ್ನೆರಡು. ನಂಬರು ತಿದ್ದಿದೆ. ಒಂಬತ್ತನೆಯ ಹಿಡಿಕೆಗೆ ಮುಂಚೆ ಅಡಿವೆಪ್ಪ ಅಂಗೈಗೆ ಎಣ್ಣೆ ಹಚ್ಚಿಕೊಂಡ. "ಈ ಸಲಾನೂ ಅಲಗಾಡಿದ್ರ ಹಿಡಿಕಿ ನಿನ್ನ ಕುತಿಗಿಗೆ ಕಟ್ಟತೇನಿ," ಎಂದು ಎಳೆದ. ಎಲ್ಲರೂ ಗೋಡೆ ಹಿಡಿದು ನಿಂತಿದ್ದೆವು. ಒಂದು ಮನೆಯೂ ಅಲುಗಾಡಲಿಲ್ಲ. ಈರಸಂಗಪ್ಪ ತನ್ನ ಜಗಲಿಯಿಂದ ಕೂಗಿದ. ಗೂಡಿನ ಬಾಗಿಲಲ್ಲಿ ಫಕೀರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ‘ನೀರೋ’ ಎಂದಳು. ಆ ಗಂಟಲು ಎಲ್ಲಿತ್ತೋ ಹನ್ನೊಂದು ವರ್ಷ! ನನ್ನ ಕಿಟಕಿಯ ಗಾಜು ಅದುರಿತು. ತೂಬು ಎದ್ದಿತು.

ನನಗೆ ಯಾರಾದರೂ ಒಳ್ಳೆಯ ಮಾತು ಹೇಳಿದರು ಅಂದುಕೊಂಡಿರಾ? ಮೂರರ ಜಾಗದಲ್ಲಿ ಒಂಬತ್ತು ಎಳೆಸಿದ ಪಟ್ಟಿಯವನು ಎಂದು ಈಗಲೂ ಆಡಿಕೊಳ್ಳುತ್ತಾರೆ. ಅಂಚೆಯವನು ನನ್ನ ಕಾಗದಗಳನ್ನು ಫಕೀರವ್ವನ ಮನೆಗೆ ಹಾಕುತ್ತಾನೆ, ಪಟ್ಟಿಯಲ್ಲಿ ಹಾಗಿದೆ ಎನ್ನುತ್ತಾನೆ. ಅವಳು ಅದನ್ನು ತಂದು ಕೊಡುವುದಿಲ್ಲ. ಬಾಗಿಲಲ್ಲಿ ನಿಂತು, ಯಣ್ಣಾ ಕಾಗದಾ ಬಂದೈತಿ ಎಂದು ಕೂಗುತ್ತಾಳೆ. ಬಂದದ್ದು ಯಾವ ಊರಿನಿಂದ, ಬರೆದವರು ಯಾರು ಎಲ್ಲವೂ ಬೀದಿಗೆ ಕೇಳುತ್ತದೆ. ನಾನು ಕಿವಿ ಮುಚ್ಚಿಕೊಂಡು ಇನ್ನೂರ ನಲವತ್ತು ಗೇಣು ನಡೆದುಹೋಗಿ ತರಬೇಕು.

ಬೇಸಿಗೆಯಲ್ಲಿ ಒಂದು ದಿನ ಗೌರಾ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಚ್ಚಲಿನಲ್ಲಿ ಕಾಲು ಜಾರಿತು. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಏಳಲಾಗಲಿಲ್ಲ, ಕೂಗಲು ಉಸಿರಿರಲಿಲ್ಲ. ಯಂತ್ರದ ಮನೆಯಲ್ಲಿ ಈಗ ನಂಬರು ಮೂಡಿರುತ್ತದೆ ಎಂದು ಗೊತ್ತಿತ್ತು. ಪಟ್ಟಿ ನೋಡಿ ಓದಬೇಕಾದ ನಾನೇ ಇಲ್ಲಿ ಬಿದ್ದಿದ್ದೇನೆ, ಅಡಿವೆಪ್ಪ ಓದುತ್ತಾನೆ. ಓದಿದರೂ ಏನು? ಹೆಸರು ಕೇಳಿಸಿಕೊಳ್ಳುತ್ತಾರೆ, ಗೇಣು ಯಾರು ಕೇಳುತ್ತಾರೆ? ಆ ಮುದುಕಿ ಸಂಜೆಯವರೆಗೆ ಏನು ನೋಡುತ್ತ ಮಲಗಿದ್ದಳೋ ಎಂದು ಮೊದಲ ಸಲ ನನಗೆ ಗೊತ್ತಾಯಿತು. ಚಾವಣಿಯ ಒಂದು ಜಂತಿ. ನಾನೂ ಅದನ್ನೇ ನೋಡುತ್ತಿದ್ದೆ.

ಆಮೇಲೆ ಬೇರೆಯವರು ಹೇಳಿದ್ದು ಇಷ್ಟು. ವೈದ್ಯರೂ ನಾಲ್ಕು ಜನರೂ ಓಡಿಬಂದು ಫಕೀರವ್ವನ ಬಾಗಿಲು ಬಡಿದರಂತೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನೀನು ಬಿದ್ದಿದ್ದೀಯಾ ಎಂದು ಕೇಳಿದರಂತೆ. ಇಲ್ಲ ಎಂದಳಂತೆ. ಅವರು ತಿರುಗಿ ಹೊರಟರಂತೆ, ಆ ನಿಂಗಪ್ಪನ ಮನೆಯಿಂದ ಹೊರಟ ಹಾಗೆಯೇ. "ನಿಲ್ರೀ!" ಎಂದು ಅವಳು ಹಿಂದಿನಿಂದ ಒಬ್ಬನ ಅಂಗಿ ಹಿಡಿದಳಂತೆ. "ಮುಂದ ಎಷ್ಟ ಗೇಣಂದ್ರು?" ಯಾರಿಗೂ ನೆನಪಿರಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ಬಯಲಿಗೆ ಬಂದು, ನನ್ನ ಮನೆಯ ಕಡೆ ತಿರುಗಿ, ದಿನವೂ ನೀರಿಗೆ ಕೂಗುವ ಆ ಗಂಟಲಿನಲ್ಲಿ ನನ್ನ ಹೆಸರು ಕೂಗಿದಳು.

ಅದು ನನಗೆ ಕೇಳಿಸಿತು. ಚನ್ನವೀರಪ್ಪಾ ಎಂದು, ಅಣ್ಣ ಗಿಣ್ಣ ಏನೂ ಇಲ್ಲದೆ, ಬರಿಯ ಹೆಸರು. ಜಂತಿ ಅದುರಿತು. ನನಗೆ ಕಣ್ಣೀರು ಬಂತು. ನೋವಿಗೆ ಎಂದು ಎಲ್ಲರಿಗೂ ಹೇಳಿದ್ದೇನೆ. ಬಾಗಿಲು ಒಡೆದು ಒಳಗೆ ಬಂದವರಲ್ಲಿ ಎಲ್ಲರಿಗಿಂತ ಮುಂದೆ ಅವಳೇ ಇದ್ದಳು.

ಗೋಡೆಯ ಆಚೆಗೆ ಕೂತಿದ್ದ ತೂಬಿನವನಿಗೆ ಅವಳ ದನಿಯೆಂದರೆ ಒಂದೇ ಅರ್ಥ. ಮಾತೇನೆಂದು ಅವನು ಯೋಚಿಸಲಿಲ್ಲ, ಎದ್ದು ತೂಬು ಎತ್ತಿಬಿಟ್ಟ. ನಟ್ಟ ನಡು ಮಧ್ಯಾಹ್ನ, ಹೊತ್ತಲ್ಲದ ಹೊತ್ತಿನಲ್ಲಿ, ಊರಿನ ನಲ್ಲಿಗಳಿಗೆಲ್ಲ ನೀರು ನುಗ್ಗಿತು. ನನ್ನನ್ನು ಮಂಚದ ಮೇಲೆ ಹಾಕಿ ಬೀದಿಯಲ್ಲಿ ಹೊತ್ತೊಯ್ಯುವಾಗ ಜನ ಎಲ್ಲ ಮನೆಗಳಿಂದಲೂ ಕೊಡ ಹಿಡಿದು ಓಡಿ ಬರುತ್ತಿದ್ದರು. ಇದೂ ಆ ಪಟ್ಟಿ ಚನ್ನವೀರಪ್ಪನದೇ ಕೆಲಸ ಎಂದು ಬೈಯುತ್ತಲೇ ತುಂಬಿಸಿಕೊಳ್ಳುತ್ತಿದ್ದರು.